ದುಡಿಯುವ ಹೆಣ, ಕೊಳ್ಳುವ ಹೆಣ

1932ರಲ್ಲಿ ಬಿಡುಗಡೆಯಾದ ‘ವೈಟ್ ಜೋಂಬಿ’ ಎಂಬ ಅಮೆರಿಕನ್ ಚಲನಚಿತ್ರದಲ್ಲಿ ಒಂದು ಸಕ್ಕರೆ ಗಿರಣಿಯ ದೃಶ್ಯ ಬರುತ್ತದೆ. ಕಬ್ಬು ತುಂಬಿದ ಬುಟ್ಟಿಗಳನ್ನು ಹೊತ್ತ ಆಳುಗಳು ಸಾಲಾಗಿ ಬಂದು ಗಾಣದ ಬಾಯಿಗೆ ಸುರಿದು ಹೋಗುತ್ತಾರೆ. ಕೆಳಗೆ ಇನ್ನಷ್ಟು ಮಂದಿ ಗಾಣದ ತೊಲೆಗೆ ಎದೆಗೊಟ್ಟು ಸುತ್ತುತ್ತಿರುತ್ತಾರೆ. ಯಾರೂ ಮಾತನಾಡುವುದಿಲ್ಲ. ಯಾರ ಕಣ್ಣಿನಲ್ಲೂ ಕಳೆಯಿಲ್ಲ. ಸಾಲಿನಲ್ಲಿದ್ದ ಒಬ್ಬ ಆಯತಪ್ಪಿ ಗಾಣದೊಳಗೆ ಬೀಳುತ್ತಾನೆ. ಹಿಂದಿದ್ದವನು ನಿಲ್ಲುವುದಿಲ್ಲ, ಮುಂದಿದ್ದವನು ತಿರುಗಿ ನೋಡುವುದಿಲ್ಲ. ಗಾಣ ತಿರುಗುತ್ತಲೇ ಇರುತ್ತದೆ. ದುಡಿಮೆಯ ಹೊತ್ತು ಹೆಚ್ಚಾಯಿತೆಂಬ ಚಿಂತೆ ತನ್ನ ಆಳುಗಳಿಗಿಲ್ಲ ಎಂದು ಗಿರಣಿಯ ಒಡೆಯ ಅತಿಥಿಗೆ ಹೇಳುತ್ತಾನೆ. ಚಿಂತೆ ಇರುವುದಾದರೂ ಹೇಗೆ? ಅವರೆಲ್ಲ ಸತ್ತವರು.

ಇದಾದ 46 ವರ್ಷಗಳ ನಂತರ, 1978ರಲ್ಲಿ ಬಂದ ‘ಡಾನ್ ಆಫ್ ದಿ ಡೆಡ್’ ಚಿತ್ರದಲ್ಲಿ ಸತ್ತವರು ಬೇರೊಂದು ಜಾಗದಲ್ಲಿ ಕಾಣಿಸಿಕೊಳ್ಳುತ್ತಾರೆ. ಅದು ನಗರದ ಹೊರವಲಯದ ಒಂದು ಭಾರಿ ಮಾಲ್. ಎದ್ದು ಬಂದ ಹೆಣಗಳು ಅಲ್ಲಿನ ಚಲಿಸುವ ಮೆಟ್ಟಿಲುಗಳ ಮೇಲೆ ತೂರಾಡುತ್ತವೆ, ಅಂಗಡಿಗಳ ಗಾಜಿಗೆ ಮುಖವೊತ್ತಿ ನಿಲ್ಲುತ್ತವೆ. ಇವು ಇಲ್ಲಿಗೇಕೆ ಬರುತ್ತವೆ ಎಂದು ಛಾವಣಿಯ ಮೇಲಿನಿಂದ ನೋಡುತ್ತಿರುವ ಹೆಂಗಸು ಕೇಳುತ್ತಾಳೆ. ಅದೇನೋ ಹಳೆಯ ನೆನಪು, ಅವರ ಬದುಕಿನಲ್ಲಿ ಇದೊಂದು ಮುಖ್ಯವಾದ ಜಾಗವಾಗಿತ್ತಲ್ಲ ಎಂದು ಜೊತೆಗಾರ ಉತ್ತರಿಸುತ್ತಾನೆ.

ಮೊದಲ ಚಿತ್ರದಲ್ಲಿ ಹೆಣ ದುಡಿಯುತ್ತದೆ. ಎರಡನೆಯದರಲ್ಲಿ ಹೆಣ ಕೊಳ್ಳಲು ಬರುತ್ತದೆ. ರಕ್ತ, ಮಾಂಸ, ಚೀತ್ಕಾರಗಳ ಅಗ್ಗದ ಮನರಂಜನೆ ಎಂದು ಬಹುಮಂದಿ ಮೂಗು ಮುರಿಯುವ ಜೋಂಬಿ ಚಿತ್ರಗಳ ಪ್ರಕಾರ ಈ ಎರಡು ದೃಶ್ಯಗಳ ನಡುವೆ ಬೆಳೆದಿದೆ. ಅಗ್ಗದ ಚಿತ್ರಗಳೇ ಅಲ್ಲಿ ಹೆಚ್ಚು ಎಂಬುದೂ ನಿಜ. ಆದರೆ ಅವುಗಳಲ್ಲಿ ಉಳಿದುಕೊಂಡಿರುವ ಚಿತ್ರಗಳು ಹೆಣವನ್ನು ಮುಂದಿಟ್ಟುಕೊಂಡು ಬದುಕಿರುವವರ ಸಮಾಜವನ್ನು ಪರೀಕ್ಷಿಸುತ್ತವೆ. ಯಾರನ್ನು ಮನುಷ್ಯರೆಂದು ಎಣಿಸಬೇಕು, ಯಾರನ್ನು ಎಣಿಸಬೇಕಾಗಿಲ್ಲ ಎಂಬ ಲೆಕ್ಕಾಚಾರವನ್ನು ಸಮಾಜ ಹೇಗೆ ಹಾಕುತ್ತದೆ ಎಂಬುದೇ ಅವುಗಳ ವಿಡಂಬನೆಯ ವಸ್ತು.

ಉಪ್ಪು ತಿಂದವರು

ನಮ್ಮ ದೆವ್ವಗಳಿಗೂ ಜೋಂಬಿಗೂ ಒಂದು ಮೂಲಭೂತ ವ್ಯತ್ಯಾಸವಿದೆ. ದೆವ್ವವೆಂದರೆ ದೇಹವಿಲ್ಲದ ಜೀವ. ಅದಕ್ಕೆ ತೀರದ ಆಸೆಯಿರುತ್ತದೆ, ಹಗೆಯಿರುತ್ತದೆ, ಕೇಳಿದರೆ ತನ್ನ ಹೆಸರನ್ನೂ ಹೇಳುತ್ತದೆ. ಹೆಣದೊಳಗೆ ಹೊಕ್ಕ ಬೇತಾಳ ಕೂಡ ವಿಕ್ರಮನಿಗೆ ಕಥೆ ಹೇಳಿ ಪ್ರಶ್ನೆ ಕೇಳುವಷ್ಟು ಜಾಣ. ಜೋಂಬಿ ಇದಕ್ಕೆ ವಿರುದ್ಧ. ಅದು ಜೀವವಿಲ್ಲದ ದೇಹ. ಅದಕ್ಕೆ ಹೆಸರಿಲ್ಲ, ಇಚ್ಛೆಯಿಲ್ಲ, ಸೇಡಿಲ್ಲ.

ಇಂಥ ಕಲ್ಪನೆ ಹುಟ್ಟಿದ್ದು ಕೆರಿಬಿಯನ್ ಸಮುದ್ರದ ಹೈಟಿಯಲ್ಲಿ. ಅದು ಫ್ರೆಂಚರ ವಸಾಹತಾಗಿದ್ದಾಗ ಅದರ ಹೆಸರು ಸಾಂ ದೊಮಿಂಗ್. 18ನೇ ಶತಮಾನದಲ್ಲಿ ಜಗತ್ತಿನ ಅತಿ ಲಾಭದಾಯಕ ವಸಾಹತುಗಳಲ್ಲಿ ಒಂದೆಂದು ಹೆಸರಾಗಿದ್ದ ಅಲ್ಲಿ ಶತಮಾನದ ಕೊನೆಯ ಹೊತ್ತಿಗೆ ಸುಮಾರು 5 ಲಕ್ಷ ಗುಲಾಮರಿದ್ದರು. ಪಶ್ಚಿಮ ಮತ್ತು ಮಧ್ಯ ಆಫ್ರಿಕಾದಿಂದ ಹಡಗುಗಳಲ್ಲಿ ತುಂಬಿ ತಂದ ಇವರನ್ನು ಕಬ್ಬಿನ ಗದ್ದೆಗಳಲ್ಲಿ, ಗಾಣಗಳಲ್ಲಿ, ಕುದಿಯುವ ಕೊಪ್ಪರಿಗೆಗಳ ಮುಂದೆ ಹಗಲಿರುಳು ದುಡಿಸಲಾಗುತ್ತಿತ್ತು. ಬಂದ ಕೆಲವೇ ವರ್ಷಗಳಲ್ಲಿ ಸಾಯುವವರ ಸಂಖ್ಯೆ ದೊಡ್ಡದಿತ್ತು. ಇರುವ ಗುಲಾಮರನ್ನು ಚೆನ್ನಾಗಿ ಸಾಕುವುದಕ್ಕಿಂತ ಹೊಸಬರನ್ನು ಕೊಳ್ಳುವುದೇ ಅಗ್ಗ ಎಂಬ ಲೆಕ್ಕ ತೋಟದ ಒಡೆಯರದು.

ಅಂಥ ಬದುಕಿನಲ್ಲಿ ಸಾವೊಂದೇ ಬಿಡುಗಡೆ. ಸತ್ತ ಮೇಲೆ ಆತ್ಮ ಸಮುದ್ರ ದಾಟಿ ಗಿನಿಗೆ, ಅಂದರೆ ತಾಯ್ನಾಡಾದ ಆಫ್ರಿಕಾಕ್ಕೆ ಮರಳುತ್ತದೆ ಎಂಬ ನಂಬಿಕೆ ಗುಲಾಮರಲ್ಲಿತ್ತು. ಜೋಂಬಿಯ ಭಯ ಇಲ್ಲಿಂದ ಅರ್ಥವಾಗುತ್ತದೆ. ಮಾಟಗಾರನೊಬ್ಬ ಹೆಣವನ್ನು ಗೋರಿಯಿಂದ ಎಬ್ಬಿಸಿ ಮತ್ತೆ ಗದ್ದೆಗೆ ಇಳಿಸಿದರೆ ಆ ಕೊನೆಯ ಬಿಡುಗಡೆಯೂ ಇಲ್ಲ. ಹೈಟಿಯ ಜನ ಹೆದರುತ್ತಿದ್ದುದು ಜೋಂಬಿ ತಮ್ಮನ್ನು ತಿಂದೀತು ಎಂದಲ್ಲ. ತಾವೇ ಜೋಂಬಿಯಾದೇವು ಎಂದು. ಸತ್ತ ಮೇಲೂ ತೀರದ ಗುಲಾಮಗಿರಿಯ ಹೆಸರು ಜೋಂಬಿ.

1791ರಲ್ಲಿ ಬಂಡೆದ್ದ ಗುಲಾಮರು ಹದಿಮೂರು ವರ್ಷ ಕಾದಾಡಿ 1804ರಲ್ಲಿ ಸ್ವತಂತ್ರ ಹೈಟಿಯನ್ನು ಕಟ್ಟಿದರು. ಆದರೆ ಜೋಂಬಿಯ ಕಥೆ ಸಾಯಲಿಲ್ಲ. ಅದರಲ್ಲೊಂದು ಸೊಗಸಾದ ಅಂಶವಿದೆ. ಜೋಂಬಿಗೆ ಉಪ್ಪು ತಿನ್ನಿಸಬಾರದು. ಒಂದು ಹರಳು ಉಪ್ಪು ನಾಲಿಗೆಗೆ ತಾಗಿದರೆ ಸಾಕು, ತಾನು ಸತ್ತಿದ್ದೇನೆ ಎಂಬುದು ಅದಕ್ಕೆ ನೆನಪಾಗುತ್ತದೆ. ಆಮೇಲೆ ಯಾವ ಒಡೆಯನೂ ಅದನ್ನು ಹಿಡಿದಿಡಲಾರ. ಅದು ನೆಟ್ಟಗೆ ತನ್ನ ಗೋರಿಯತ್ತ ನಡೆದುಬಿಡುತ್ತದೆ. ನಮ್ಮಲ್ಲಿ ಉಪ್ಪು ತಿಂದವನು ಒಡೆಯನ ಋಣಕ್ಕೆ ಕಟ್ಟುಬೀಳುತ್ತಾನೆ. ಹೈಟಿಯಲ್ಲಿ ಉಪ್ಪು ತಿಂದವನು ಒಡೆಯನ ಹಿಡಿತದಿಂದ ಪಾರಾಗುತ್ತಾನೆ.

ಹಾಲಿವುಡ್ಡಿಗೆ ಬಂದ ಬಗೆ

ಈ ಜನಪದ ನಂಬಿಕೆ ಅಮೆರಿಕಕ್ಕೆ ತಲುಪಿದ್ದು ಸೈನಿಕರ ಬೆನ್ನಹಿಂದೆ. 1915ರಲ್ಲಿ ಅಮೆರಿಕದ ನೌಕಾಪಡೆ ಹೈಟಿಗೆ ಬಂದಿಳಿಯಿತು. 1934ರವರೆಗೆ ಅಲ್ಲಿಂದ ಕದಲಲಿಲ್ಲ. ರಸ್ತೆಗಳನ್ನು ನಿರ್ಮಿಸಲು ಅದು ಹಳ್ಳಿಗರನ್ನು ಹಿಡಿದು ತಂದು ಬಿಟ್ಟಿ ದುಡಿಸಿತು. ಗುಲಾಮಗಿರಿಯನ್ನು ತಾವೇ ಕಿತ್ತೊಗೆದ ಜನರ ನಾಡಿನಲ್ಲಿ ಬಿಟ್ಟಿ ಚಾಕರಿ ಮರಳಿದಾಗ ದಂಗೆಯೇ ಎದ್ದಿತು. ಅದನ್ನು ಬಂದೂಕಿನಿಂದ ಅಡಗಿಸಲಾಯಿತು.

ಇದೇ ಅವಧಿಯಲ್ಲಿ ಹೈಟಿಗೆ ಹೋಗಿಬಂದ ಪ್ರವಾಸಿ ಲೇಖಕ ವಿಲಿಯಂ ಸೀಬ್ರೂಕ್ 1929ರಲ್ಲಿ ‘ದಿ ಮ್ಯಾಜಿಕ್ ಐಲೆಂಡ್’ ಎಂಬ ಪುಸ್ತಕ ಪ್ರಕಟಿಸಿದ. ಅಲ್ಲಿನ ರೈತನೊಬ್ಬನಿಂದ ಕೇಳಿದ ಕಥೆಯೊಂದು ಅದರಲ್ಲಿದೆ. ಅಮೆರಿಕನ್ನರ ಬಂಡವಾಳದ ಸಕ್ಕರೆ ಕಂಪನಿಯೊಂದು ಕಬ್ಬಿನ ಕೊಯ್ಲಿಗೆ ಆಳುಗಳನ್ನು ಕರೆದಾಗ ಮೇಸ್ತ್ರಿಯೊಬ್ಬ ಚಿಂದಿ ಬಟ್ಟೆಯ ಒಂದು ತಂಡವನ್ನು ಕರೆತರುತ್ತಾನೆ. ಅವರು ಹೆಸರು ಕೇಳಿದರೆ ಹೇಳುವುದಿಲ್ಲ, ಬಿಸಿಲಿಗೆ ಬಳಲುವುದಿಲ್ಲ. ಅವರ ಕೂಲಿಯೆಲ್ಲ ಮೇಸ್ತ್ರಿಯ ಜೇಬಿಗೆ. ಕೊನೆಗೆ ಮೇಸ್ತ್ರಿಯ ಹೆಂಡತಿ ಕನಿಕರದಿಂದ ಕೊಡಿಸಿದ ಸಿಹಿತಿಂಡಿಯಲ್ಲಿ ಉಪ್ಪು ಹಚ್ಚಿದ ಪಿಸ್ತಾ ಇರುತ್ತದೆ. ಅದನ್ನು ತಿಂದೊಡನೆ ಎಲ್ಲರೂ ಗೋಳಿಡುತ್ತಾ ಬೆಟ್ಟದ ತಮ್ಮ ಹಳ್ಳಿಯ ಗೋರಿಗಳತ್ತ ಹೊರಡುತ್ತಾರೆ.

ಈ ಪುಸ್ತಕದ ಜನಪ್ರಿಯತೆಯ ಬೆನ್ನಲ್ಲೇ ವಿಕ್ಟರ್ ಹಾಲ್ಪರಿನ್ ನಿರ್ದೇಶನದ ‘ವೈಟ್ ಜೋಂಬಿ’ ಬಂತು. ಡ್ರಾಕುಲಾ ಪಾತ್ರದಿಂದ ಆಗಷ್ಟೇ ಪ್ರಸಿದ್ಧನಾಗಿದ್ದ ಬೆಲಾ ಲುಗೊಸಿ ಅದರಲ್ಲಿ ಮಾಟಗಾರ ಗಿರಣಿ ಒಡೆಯ. ಆದರೆ ಚಿತ್ರದ ಹೆಸರಿನಲ್ಲೇ ಕಥೆಯ ದಿಕ್ಕು ಬದಲಾಗಿರುವುದನ್ನು ಗಮನಿಸಬೇಕು. ಗಾಣ ತಿರುಗಿಸುವ ಕರಿಯ ಆಳುಗಳು ಇಲ್ಲಿ ಕೇವಲ ಹಿನ್ನೆಲೆ. ಪ್ರೇಕ್ಷಕರು ಮರುಗಬೇಕಾದದ್ದು ಮಾಟಕ್ಕೆ ಸಿಕ್ಕ ಬಿಳಿಯ ಮದುಮಗಳಿಗಾಗಿ. ಗುಲಾಮರ ದುಃಸ್ವಪ್ನವನ್ನು ಒಡೆಯರ ದುಃಸ್ವಪ್ನವಾಗಿ ಮಾರ್ಪಡಿಸಿ ಮಾರಿದ ಚಿತ್ರ ಅದು. ಆದರೂ ಗಿರಣಿಯ ಆ ಒಂದು ದೃಶ್ಯದಲ್ಲಿ ಹಳೆಯ ಸತ್ಯ ಹೊರಗೆ ಇಣುಕಿತು. ಆರ್ಥಿಕ ಕುಸಿತದ ಆ ದಿನಗಳಲ್ಲಿ ಕಾರ್ಖಾನೆಯ ಬಾಗಿಲಲ್ಲಿ ಸಾಲುಗಟ್ಟಿ ನಿಂತಿದ್ದ ಅಮೆರಿಕನ್ನರಿಗೆ ಅದು ಪೂರ್ತಿ ಪರದೇಶದ ಕಥೆಯಾಗಿ ಕಂಡಿರಲಾರದು.

ತೋಟದ ಮನೆಯಲ್ಲಿ ಒಂದು ರಾತ್ರಿ

ಮುಂದಿನ ಮೂರೂವರೆ ದಶಕ ಜೋಂಬಿ ಮಾಟಗಾರನ ಆಳಾಗಿಯೇ ಉಳಿಯಿತು. ಅದನ್ನು ಮಾಟದಿಂದ ಬಿಡಿಸಿದವನು ಜಾರ್ಜ್ ರೊಮೆರೊ. ಅಮೆರಿಕದ ಉಕ್ಕಿನ ನಗರ ಪಿಟ್ಸ್‌ಬರ್ಗ್‌ನಲ್ಲಿ ಜಾಹೀರಾತು ಚಿತ್ರಗಳನ್ನು ತೆಗೆಯುತ್ತಿದ್ದ ಈ ಯುವಕ ಗೆಳೆಯರೊಂದಿಗೆ ಸೇರಿ, ಸುಮಾರು 1 ಲಕ್ಷ 14 ಸಾವಿರ ಡಾಲರ್ ವೆಚ್ಚದಲ್ಲಿ ಕಪ್ಪುಬಿಳುಪಿನ ಒಂದು ಚಿತ್ರ ತಯಾರಿಸಿದ. ಅದೇ 1968ರ ‘ನೈಟ್ ಆಫ್ ದಿ ಲಿವಿಂಗ್ ಡೆಡ್’. ರಕ್ತಕ್ಕೆ ಚಾಕೊಲೇಟ್ ಪಾಕ ಬಳಸಿದ ಬಡ ಚಿತ್ರ ಅದು. ಇಡೀ ಚಿತ್ರದಲ್ಲಿ ಜೋಂಬಿ ಎಂಬ ಪದವೇ ಇಲ್ಲ. ಆ ಹೆಸರನ್ನು ಅಂಟಿಸಿದವರು ಪ್ರೇಕ್ಷಕರು ಮತ್ತು ವಿಮರ್ಶಕರು.

ರೊಮೆರೊ ಮಾಡಿದ ಮುಖ್ಯ ಬದಲಾವಣೆಗಳು ಮೂರು. ಅವನ ಹೆಣಗಳಿಗೆ ಒಡೆಯನಿಲ್ಲ. ಅವು ಬದುಕಿರುವವರ ಮಾಂಸ ತಿನ್ನುತ್ತವೆ. ಅವು ಕಚ್ಚಿದವರೂ ಸತ್ತು ಅವುಗಳಂತೆಯೇ ಏಳುತ್ತಾರೆ. ಆದರೆ ವಿಡಂಬನೆಗೆ ದಾರಿ ಮಾಡಿದ ಗುಣ ಇನ್ನೊಂದು: ಅವು ಬಹಳ ನಿಧಾನ. ತೆವಳುತ್ತಾ, ತೂರಾಡುತ್ತಾ ಬರುವ ಹೆಣದಿಂದ ಯಾರು ಬೇಕಾದರೂ ತಪ್ಪಿಸಿಕೊಳ್ಳಬಹುದು. ನಾಲ್ಕು ಜನ ಒಗ್ಗಟ್ಟಾಗಿ ನಿಂತರೆ ಎದುರಿಸಲೂಬಹುದು. ಹಾಗಿದ್ದರೂ ಬದುಕಿರುವವರು ಸಾಯುತ್ತಾರೆಂದರೆ ಅದಕ್ಕೆ ಕಾರಣವನ್ನು ಹೆಣಗಳಲ್ಲಿ ಹುಡುಕಿ ಫಲವಿಲ್ಲ. ಪ್ರವಾಹಕ್ಕೆ, ಸಾಂಕ್ರಾಮಿಕ ರೋಗಕ್ಕೆ ಇರುವಷ್ಟೇ ದುರುದ್ದೇಶ ಅವಕ್ಕಿರುವುದು. ತಪ್ಪೇನಿದ್ದರೂ ಬಾಗಿಲ ಒಳಗಿನವರದು.

ಒಳಗಿನವರು ಒಂಟಿ ತೋಟದ ಮನೆಯೊಂದರಲ್ಲಿ ಸಿಕ್ಕಿಬಿದ್ದ ಏಳು ಮಂದಿ. ಮೇಲೆ ನಿಂತು ಕಿಟಕಿ ಬಾಗಿಲುಗಳಿಗೆ ಹಲಗೆ ಹೊಡೆದು ಕಾಯೋಣ ಎನ್ನುತ್ತಾನೆ ಬೆನ್ ಎಂಬ ಯುವಕ. ನೆಲಮಾಳಿಗೆಯಲ್ಲಿ ಅಗುಳಿ ಹಾಕಿಕೊಂಡು ಕೂರೋಣ ಎನ್ನುತ್ತಾನೆ ಕೂಪರ್ ಎಂಬ ನಡುವಯಸ್ಸಿನ ಗೃಹಸ್ಥ. ಇಬ್ಬರದೂ ಹಟ. ಹೊರಗೆ ಹೆಣಗಳ ಗುಂಪು ಬೆಳೆಯುತ್ತಿದ್ದರೆ ಒಳಗೆ ಬಂದೂಕು ಯಾರ ಕೈಯಲ್ಲಿರಬೇಕು ಎಂಬ ಜಗಳ. ಕಚ್ಚಿಸಿಕೊಂಡಿದ್ದ ಕೂಪರನ ಮಗಳು ನೆಲಮಾಳಿಗೆಯಲ್ಲಿ ಸತ್ತು, ಎದ್ದು, ಹೆತ್ತ ತಾಯಿಯನ್ನೇ ಮುಗಿಸುತ್ತಾಳೆ. ಎಲ್ಲರೂ ಸತ್ತ ಮೇಲೆ ಬೆನ್ ಪ್ರಾಣ ಉಳಿಸಿಕೊಳ್ಳುವುದು ತಾನು ಬೇಡವೆಂದಿದ್ದ ಅದೇ ನೆಲಮಾಳಿಗೆಯಲ್ಲಿ. ಇಬ್ಬರಲ್ಲಿ ಯಾರೂ ಪೂರ್ತಿ ಸರಿಯಲ್ಲ ಎಂಬುದು ಚಿತ್ರದ ಕಹಿ ನಗು.

ಬೆಳಗಾಗುತ್ತದೆ. ಸ್ಥಳೀಯ ಶೆರಿಫ್‌ನ ನೇತೃತ್ವದಲ್ಲಿ ಬಂದೂಕು ಹಿಡಿದ ಬಿಳಿಯರ ತಂಡ ನಾಯಿಗಳೊಂದಿಗೆ ಹೆಣಗಳ ಬೇಟೆಗೆ ಬರುತ್ತದೆ. ಸದ್ದು ಕೇಳಿ ಬೆನ್ ಮೇಲೆ ಬಂದು ಕಿಟಕಿಯಿಂದ ಇಣುಕುತ್ತಾನೆ. ತಂಡದವರು ಕೂಗಿ ಕೇಳುವುದಿಲ್ಲ, ಒಂದು ಕ್ಷಣ ಕಾಯುವುದೂ ಇಲ್ಲ. ಒಂದೇ ಗುಂಡು, ಹಣೆಗೆ. ಆಮೇಲೆ ಮಾಂಸದ ಕೊಕ್ಕೆಗಳಿಂದ ಅವನನ್ನು ಎಳೆದು ಉಳಿದ ಹೆಣಗಳ ಜೊತೆ ಬೆಂಕಿಗೆ ಹಾಕುತ್ತಾರೆ. ಈ ಭಾಗವನ್ನು ರೊಮೆರೊ ಪತ್ರಿಕೆಯ ಮಸುಕು ಛಾಯಾಚಿತ್ರಗಳಂತೆ, ಸ್ಥಿರಚಿತ್ರಗಳಲ್ಲಿ ತೋರಿಸಿದ.

ಬೆನ್ ಪಾತ್ರ ವಹಿಸಿದ ಡ್ವೇನ್ ಜೋನ್ಸ್ ಕರಿಯ ನಟ. ಪಾತ್ರವನ್ನು ಕರಿಯನಿಗೆಂದು ಬರೆದಿರಲಿಲ್ಲ, ಬಂದವರಲ್ಲಿ ಆತನೇ ಉತ್ತಮ ನಟನಾಗಿದ್ದನೆಂದು ಆರಿಸಿದೆವು ಎಂದು ರೊಮೆರೊ ಕೊನೆಯವರೆಗೂ ಹೇಳುತ್ತಿದ್ದ. ಚಿತ್ರದಲ್ಲಿ ಯಾರೂ ಅವನ ಬಣ್ಣದ ಮಾತೆತ್ತುವುದಿಲ್ಲ. ಆದರೆ ಅರ್ಥವನ್ನು ನಿರ್ದೇಶಕನೊಬ್ಬನೇ ತುಂಬುವುದಿಲ್ಲ, ಕಾಲವೂ ತುಂಬುತ್ತದೆ. ಚಿತ್ರೀಕರಣ ನಡೆದ 1967ರ ಬೇಸಿಗೆಯಲ್ಲಿ ನ್ಯೂವಾರ್ಕ್, ಡೆಟ್ರಾಯಿಟ್ ನಗರಗಳು ಜನಾಂಗೀಯ ಗಲಭೆಯಲ್ಲಿ ಹೊತ್ತಿ ಉರಿದಿದ್ದವು. ಮುಗಿದ ಚಿತ್ರದ ಪ್ರತಿಯನ್ನು ಕಾರಿನಲ್ಲಿಟ್ಟುಕೊಂಡು ವಿತರಕರನ್ನು ಹುಡುಕಿ ನ್ಯೂಯಾರ್ಕಿಗೆ ಹೊರಟಿದ್ದಾಗ ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದ ಸುದ್ದಿ ರೇಡಿಯೋದಲ್ಲಿ ಬಂತು. ಅದು 1968ರ ಏಪ್ರಿಲ್ 4. ಅದೇ ವರ್ಷ ಅಕ್ಟೋಬರ್‌ನಲ್ಲಿ ಚಿತ್ರ ಬಿಡುಗಡೆಯಾದಾಗ, ಬಿಳಿಯರ ಸಶಸ್ತ್ರ ಗುಂಪೊಂದು ಕರಿಯನನ್ನು ಕೊಂದು ಸುಡುವ ಆ ಛಾಯಾಚಿತ್ರಗಳು ಪ್ರೇಕ್ಷಕರಿಗೆ ಏನನ್ನು ನೆನಪಿಸಿದವು ಎಂಬುದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಇಡೀ ರಾತ್ರಿ ಹೆಣಗಳಿಂದ ಪಾರಾದವನನ್ನು ಕಾನೂನು ಕಾಯುವವರೇ ಕೊಂದರು. ಬದುಕಿದ್ದವನನ್ನು ಹೆಣವೆಂದು ಎಣಿಸಲು ಅವರಿಗೆ ಒಂದು ನೋಟ ಸಾಕಾಯಿತು.

ವಿತರಕರು ಚಿತ್ರದ ಹೆಸರು ಬದಲಿಸುವಾಗ ಹಕ್ಕುಸ್ವಾಮ್ಯದ ಸಾಲನ್ನು ಸೇರಿಸಲು ಮರೆತದ್ದರಿಂದ ಚಿತ್ರ ಯಾರ ಸ್ವತ್ತೂ ಅಲ್ಲದಂತಾಯಿತು. ರೊಮೆರೊಗೆ ಸೇರಬೇಕಾದ ಹಣ ಕೈತಪ್ಪಿತು. ಆದರೆ ಯಾರು ಬೇಕಾದರೂ ಪ್ರದರ್ಶಿಸಬಹುದಾದ ಕಾರಣ ಚಿತ್ರ ಜಗತ್ತನ್ನು ಸುತ್ತಿತು. 1999ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಅದನ್ನು ಕಾಪಾಡಬೇಕಾದ ರಾಷ್ಟ್ರೀಯ ಚಿತ್ರಗಳ ಪಟ್ಟಿಗೆ ಸೇರಿಸಿತು.

ಮಾಲ್ ಎಂಬ ಸ್ವರ್ಗ

ಪಿಟ್ಸ್‌ಬರ್ಗ್‌ನ ಹೊರವಲಯದ ಮನ್ರೋವಿಲ್‌ನಲ್ಲಿ 1969ರಲ್ಲಿ ಒಂದು ಮಾಲ್ ಆರಂಭವಾಯಿತು. ಬಟ್ಟೆ, ಗಡಿಯಾರ, ಬ್ಯಾಂಕು, ಒಳಗೇ ಒಂದು ಮಂಜುಗಡ್ಡೆಯ ಜಾರುಮೈದಾನ. ಕೊಳ್ಳಲು ಏನೂ ಇಲ್ಲದವರೂ ಹೋಗಿ ಸುತ್ತಾಡಿ ಬರುವ ಇಂಥ ಜಾಗ ಅಂದಿನ ಅಮೆರಿಕಕ್ಕೂ ಹೊಸದು. ಪರಿಚಯದವರ ಮೂಲಕ ಅದರ ಒಳಹೊರಗನ್ನು ನೋಡಿಬಂದ ರೊಮೆರೊಗೆ ‘ಡಾನ್ ಆಫ್ ದಿ ಡೆಡ್’ ಹೊಳೆಯಿತು. 1977-78ರ ಚಳಿಗಾಲದಲ್ಲಿ ಅಂಗಡಿಗಳು ಮುಚ್ಚಿದ ಮೇಲೆ ರಾತ್ರಿಯಿಡೀ ಚಿತ್ರೀಕರಣ, ಬೆಳಗ್ಗೆ ಗಿರಾಕಿಗಳು ಬರುವ ಮೊದಲು ಎಲ್ಲವನ್ನೂ ಒರೆಸಿ ಇಡುವುದು. ಕ್ರಿಸ್‌ಮಸ್ ಅಲಂಕಾರ ಬಂದಾಗ ಚಿತ್ರೀಕರಣವನ್ನೇ ನಿಲ್ಲಿಸಬೇಕಾಯಿತು. ಹೆಣಗಳೂ ವ್ಯಾಪಾರದ ಋತುವಿಗೆ ದಾರಿ ಬಿಡಬೇಕು!

ಚಿತ್ರ ಮಾಲ್‌ನಿಂದ ಆರಂಭವಾಗುವುದಿಲ್ಲ. ಮೊದಲು ಬರುವುದು ಕರಿಯರೂ ಪೋರ್ಟರಿಕೊ ಮೂಲದವರೂ ವಾಸಿಸುವ ಒಂದು ಬಡ ವಸತಿ ಸಮುಚ್ಚಯ. ತಮ್ಮವರ ಹೆಣಗಳನ್ನು ಸರ್ಕಾರಕ್ಕೆ ಒಪ್ಪಿಸಲು ಅಲ್ಲಿನ ಜನ ಒಪ್ಪಿಲ್ಲ. ದಾಳಿಗೆ ಬಂದ ಪೊಲೀಸರಲ್ಲೊಬ್ಬ ಜನಾಂಗದ್ವೇಷದ ಬೈಗುಳಗಳನ್ನು ಸುರಿಸುತ್ತಾ ಸತ್ತವರು, ಬದುಕಿರುವವರು ಎಂಬ ಭೇದವಿಲ್ಲದೆ ಗುಂಡು ಹಾರಿಸುತ್ತಾನೆ. ಇದನ್ನು ಕಂಡು ಹೇಸಿದ ಇಬ್ಬರು ಪೊಲೀಸರು, ಒಬ್ಬ ಹೆಲಿಕಾಪ್ಟರ್ ಚಾಲಕ ಮತ್ತು ಅವನ ಬಸುರಿ ಗೆಳತಿ ನಗರ ಬಿಟ್ಟು ಹಾರಿ ಮಾಲ್‌ನ ಛಾವಣಿಗೆ ಬಂದು ಇಳಿಯುತ್ತಾರೆ.

ಅಲ್ಲಿಂದ ಮುಂದೆ ಚಿತ್ರಕ್ಕೆ ನಗೆಯ ಲೇಪ. ಮಾಲ್‌ನಲ್ಲಿ ನುಡಿಸುವ ಹಗುರ ಸಂಗೀತದ ನಡುವೆ ಹೆಣಗಳು ಜಾರುಮೈದಾನದಲ್ಲಿ ಬಿದ್ದೇಳುತ್ತವೆ. ನಾಲ್ವರೂ ಸಾಹಸಪಟ್ಟು ಬಾಗಿಲುಗಳಿಗೆ ಲಾರಿಗಳನ್ನು ಅಡ್ಡ ನಿಲ್ಲಿಸಿ, ಒಳಗಿನ ಹೆಣಗಳನ್ನು ಕೊಂದು, ಇಡೀ ಮಾಲ್ ಅನ್ನು ತಮ್ಮದಾಗಿಸಿಕೊಳ್ಳುತ್ತಾರೆ. ಉಣ್ಣೆಯ ಕೋಟು, ಕೈಗಡಿಯಾರ, ಒಳ್ಳೆಯ ಮದ್ಯ, ಬ್ಯಾಂಕಿನ ನೋಟಿನ ಕಂತೆ, ಎಲ್ಲವೂ ಪುಕ್ಕಟೆ. ಹಣಕ್ಕೆ ಬೆಲೆಯೇ ಇಲ್ಲದ ಜಗತ್ತಿನಲ್ಲಿ ಅವರು ನೋಟುಗಳನ್ನು ಕೊಂಡೊಯ್ಯುವುದನ್ನು ಬಿಡುವುದಿಲ್ಲ. ಆದರೆ ಎಲ್ಲವೂ ಸಿಕ್ಕಮೇಲೆ ಮಾಡಲು ಏನೂ ಉಳಿಯುವುದಿಲ್ಲ. ಗಾಜಿನ ಹೊರಗೆ ಹೆಣಗಳು, ಗಾಜಿನ ಒಳಗೆ ಮಂಕು ಕವಿದ ಮುಖಗಳು. ಎರಡರ ನಡುವಿನ ಅಂತರ ದಿನದಿಂದ ದಿನಕ್ಕೆ ಕಡಿಮೆಯಾಗುತ್ತದೆ.

ಮೋಟರ್‌ಸೈಕಲ್ ಮೇಲೆ ಬಂದ ದರೋಡೆಕೋರರ ಗುಂಪೊಂದು ಮಾಲ್‌ಗೆ ನುಗ್ಗಿದಾಗ ಅಡಗಿ ಕುಳಿತಿದ್ದರೆ ನಾಲ್ವರಲ್ಲಿ ಉಳಿದಿದ್ದ ಮೂವರಿಗೂ ಅಪಾಯವಿರಲಿಲ್ಲ. ಆದರೆ ಇದು ನಮ್ಮದು, ನಾವು ಗೆದ್ದದ್ದು ಎಂಬ ಅಭಿಮಾನದಿಂದ ಹೆಲಿಕಾಪ್ಟರ್ ಚಾಲಕ ಗುಂಡು ಹಾರಿಸುತ್ತಾನೆ. ಗಲಾಟೆಯಲ್ಲಿ ಹೆಣಗಳು ಅವನನ್ನು ಕಚ್ಚುತ್ತವೆ. ಸತ್ತು ಎದ್ದ ಅವನು ಹೋಗುವುದು ಎಲ್ಲಿಗೆ? ಗೆಳತಿ ಅಡಗಿರುವ ಗುಪ್ತ ಕೋಣೆಗೇ. ಹಳೆಯ ನೆನಪು! ಉಳಿದ ಹೆಣಗಳು ಹಿಂಬಾಲಿಸುತ್ತವೆ. ಮೊದಲು ಬೇರೆಯವರ ಬಗ್ಗೆ ಹೇಳಿದ್ದ ಮಾತು ಈಗ ಅವನಿಗೇ ಅನ್ವಯಿಸುತ್ತದೆ.

ಹೈಟಿಯ ಜೋಂಬಿ ಇನ್ನೊಬ್ಬರಿಗಾಗಿ ಬಲವಂತದಿಂದ ದುಡಿಯುವ ದೇಹವಾಗಿತ್ತು. ಮನ್ರೋವಿಲ್‌ನ ಜೋಂಬಿಯನ್ನು ಯಾರೂ ಬಲವಂತಪಡಿಸುವುದಿಲ್ಲ; ಅದು ತಾನಾಗಿಯೇ ಬಾಗಿಲು ತಳ್ಳುತ್ತದೆ. ಹೊಟ್ಟೆ ತುಂಬದಿದ್ದರೂ, ತುಂಬುವ ಹೊಟ್ಟೆಯೇ ಇಲ್ಲದಿದ್ದರೂ ತಿನ್ನುವುದನ್ನು ನಿಲ್ಲಿಸುವುದಿಲ್ಲ. ಕೊಳ್ಳುಬಾಕ ಸಂಸ್ಕೃತಿಯ ಬಗ್ಗೆ ಸಮಾಜಶಾಸ್ತ್ರಜ್ಞರು ಗ್ರಂಥಗಳಲ್ಲಿ ಹೇಳುತ್ತಿದ್ದುದನ್ನು ರೊಮೆರೊ ಒಂದು ಚಲಿಸುವ ಮೆಟ್ಟಿಲು ಮತ್ತು ಕೆಲವು ಹೆಣಗಳಿಂದ ತೋರಿಸಿಬಿಟ್ಟ.

ಗೋಪುರ ಮತ್ತು ಬೀದಿ

1985ರ ‘ಡೇ ಆಫ್ ದಿ ಡೆಡ್’ ಚಿತ್ರದಲ್ಲಿ ಅವನು ನೆಲದಡಿಯ ಸೇನಾ ಅಡಗುದಾಣವನ್ನು ಆರಿಸಿಕೊಂಡ. ವಿಜ್ಞಾನಿಗಳೂ ಸೈನಿಕರೂ ಅಲ್ಲಿ ಕಚ್ಚಾಡುತ್ತಾರೆ. ಬಬ್ ಎಂಬ ಹೆಣವೊಂದು ಸಂಗೀತಕ್ಕೆ ಕಿವಿಗೊಡಲು, ಸಲಾಮು ಹೊಡೆಯಲು ಕಲಿಯುತ್ತದೆ. ಕಲಿಸಿದ ವಿಜ್ಞಾನಿ ಸತ್ತಾಗ ದುಃಖಿಸುತ್ತದೆ. ಸೇನಾಧಿಕಾರಿಗೆ ಮಾತ್ರ ಯಾರ ಸಾವಿಗೂ ಮರುಗುವ ಗುಣವಿಲ್ಲ. ಮನುಷ್ಯತ್ವ ಯಾವ ಕಡೆ ಉಳಿದಿದೆ ಎಂಬ ಪ್ರಶ್ನೆ ಇಲ್ಲಿ ನೇರವಾಗಿಯೇ ಬರುತ್ತದೆ.

2005ರ ‘ಲ್ಯಾಂಡ್ ಆಫ್ ದಿ ಡೆಡ್’ ಚಿತ್ರದಲ್ಲಿ ಸಿರಿವಂತರು ಬೇಲಿ ಹಾಕಿದ ನಗರದ ಗಗನಚುಂಬಿಯಲ್ಲಿ ಹಿಂದಿನಂತೆಯೇ ಸುಖವಾಗಿದ್ದಾರೆ. ಕೆಳಗಿನ ಬೀದಿಯಲ್ಲಿ ಬಡವರು. ಬೇಲಿಯಾಚೆ ಹೆಣಗಳು. ಸಾಮಾನು ದೋಚಲು ಹೋದವರು ಆಕಾಶಕ್ಕೆ ಬಾಣಬಿರುಸು ಹಾರಿಸಿದರೆ ಹೆಣಗಳೆಲ್ಲ ಮೇಲೆ ನೋಡುತ್ತಾ ನಿಂತುಬಿಡುತ್ತವೆ. ಆದರೆ ಪೆಟ್ರೋಲ್ ಬಂಕಿನ ನೌಕರನಾಗಿದ್ದ ಕರಿಯ ಜೋಂಬಿಯೊಂದು ಕಣ್ಣು ಕೆಳಗಿಳಿಸಿ, ಉಳಿದವರನ್ನೂ ಎಚ್ಚರಿಸಿ, ಗೋಪುರದತ್ತ ನಡೆಸುತ್ತದೆ. ಹೈಟಿಯ ದಂಗೆಯ ನೆರಳು ಇಲ್ಲಿ ಕಾಣದಿರದು. ರೊಮೆರೊ 2017ರ ಜುಲೈ 16ರಂದು ತೀರಿಕೊಂಡ.

ಅವನ ನಂತರದವರು ಅವನಿಂದ ರಕ್ತವನ್ನು ಪಡೆದಷ್ಟು ಸುಲಭವಾಗಿ ವಿಡಂಬನೆಯನ್ನು ಪಡೆಯಲಿಲ್ಲ. 2004ರಲ್ಲಿ ‘ಡಾನ್’ ಮರುನಿರ್ಮಾಣವಾದಾಗ ಮಾಲ್ ಉಳಿಯಿತು, ಹೆಣಗಳು ಓಡತೊಡಗಿದವು. ಓಡಿ ಬರುವ ಹೆಣದ ಮುಂದೆ ಯೋಚಿಸಲು ಪುರಸೊತ್ತಿಲ್ಲ. ಒಳಗಿನವರ ಸಣ್ಣತನಗಳನ್ನು ನೋಡಲು ಪ್ರೇಕ್ಷಕನಿಗೂ ಬಿಡುವಿಲ್ಲ. ವಿಡಿಯೋ ಆಟಗಳಲ್ಲಿ ಜೋಂಬಿ ಎಂದರೆ ಅಳುಕಿಲ್ಲದೆ ಗುಂಡಿಡಬಹುದಾದ ಗುರಿ. ಇಡೀ ಪ್ರಕಾರದ ಅಪಾಯ ಇಲ್ಲೇ ಇದೆ. ಯಾರನ್ನೂ ವಿಚಾರಿಸದೆ ಕೊಲ್ಲುವವರನ್ನು ತೋರಿಸಿ ಎಚ್ಚರಿಸಿದ ಕಲೆಯೇ, ವಿಚಾರಿಸದೆ ಕೊಲ್ಲುವ ಸುಖವನ್ನು ಮಾರುವ ಸರಕೂ ಆಗಬಲ್ಲದು. ಮಾರುಕಟ್ಟೆಯನ್ನು ಅಣಕಿಸಿದ ಚಿತ್ರವನ್ನು ಮಾರುಕಟ್ಟೆ ಅಪ್ಪಿಕೊಂಡಿತು. ಮನ್ರೋವಿಲ್ ಮಾಲ್‌ನಲ್ಲೇ 2018ರಲ್ಲಿ ರೊಮೆರೊನ ಅರ್ಧಪ್ರತಿಮೆ ಅನಾವರಣಗೊಂಡಿತು. ಗಿರಾಕಿಗಳು ಕರಗುತ್ತಿದ್ದ ಆ ಮಾಲ್ ಅನ್ನು 2025ರಲ್ಲಿ ವಾಲ್‌ಮಾರ್ಟ್ ಕಂಪನಿ ಕೊಂಡುಕೊಂಡಿತು.

ಹವಾನಾದಿಂದ ಬೂಸಾನ್‌ವರೆಗೆ

ಜೋಂಬಿಯ ವಿಡಂಬನೆ ಹೊಸ ಜೀವ ಪಡೆದದ್ದು ಬೇರೆ ಬೇರೆ ದೇಶಗಳು ಅದಕ್ಕೆ ತಮ್ಮ ಬಟ್ಟೆ ತೊಡಿಸಿದಾಗ. 2004ರ ಬ್ರಿಟಿಷ್ ಚಿತ್ರ ‘ಶಾನ್ ಆಫ್ ದಿ ಡೆಡ್’ ಲಂಡನ್ನಿನ ಸಾಮಾನ್ಯ ನೌಕರನೊಬ್ಬನ ಕಥೆ. ಬೀದಿಯ ಜನವೆಲ್ಲ ಹೆಣಗಳಾಗಿರುವುದು ಬೆಳಗ್ಗೆ ಅಂಗಡಿಗೆ ಹೋಗಿ ಬರುವ ಅವನ ಗಮನಕ್ಕೇ ಬರುವುದಿಲ್ಲ. ನಿನ್ನೆಯೂ ಅವರು ಹಾಗೆಯೇ ಇದ್ದರಲ್ಲ! ಚಿತ್ರದ ಕೊನೆಯಲ್ಲಿ ಅಳಿದುಳಿದ ಜೋಂಬಿಗಳನ್ನು ಸೂಪರ್ ಮಾರ್ಕೆಟ್‌ನ ತಳ್ಳುಗಾಡಿಗಳನ್ನು ಒಟ್ಟುಮಾಡುವ ಕೆಲಸಕ್ಕೆ ಹಚ್ಚುತ್ತಾರೆ. ಕೊಳ್ಳಲು ಬಂದ ಹೆಣ ಮತ್ತೆ ದುಡಿಯುವ ಹೆಣವಾಗುತ್ತದೆ.

2011ರಲ್ಲಿ ಕ್ಯೂಬಾದ ಹವಾನಾದಲ್ಲಿ ತಯಾರಾದ ‘ಹುವಾನ್ ಆಫ್ ದಿ ಡೆಡ್’ ಚಿತ್ರದಲ್ಲಿ ಹೆಣಗಳು ಬೀದಿಗಿಳಿದಾಗ ಸರ್ಕಾರಿ ಟಿ.ವಿ. ಅವುಗಳನ್ನು ಅಮೆರಿಕದಿಂದ ಹಣ ಪಡೆದ ಭಿನ್ನಮತೀಯರೆಂದು ಘೋಷಿಸುತ್ತದೆ. ಕಣ್ಣೆದುರಿನ ಸತ್ಯಕ್ಕಿಂತ ಸಿದ್ಧ ಉತ್ತರವೇ ಸರ್ಕಾರಕ್ಕೆ ಹಿತ. ಭಾರತದಲ್ಲಿ 2013ರ ‘ಗೋ ಗೋವಾ ಗಾನ್’ ಮೋಜಿನ ಕಡೆಗೆ ವಾಲಿತು. 2020ರ ‘ಬೇತಾಳ್’ ಧಾರಾವಾಹಿಯಲ್ಲಿ ಹೆದ್ದಾರಿಗಾಗಿ ಆದಿವಾಸಿಗಳ ಹಳ್ಳಿಯನ್ನು ಒಕ್ಕಲೆಬ್ಬಿಸುವಾಗ ತೆರೆದ ಹಳೆಯ ಸುರಂಗದಿಂದ ಈಸ್ಟ್ ಇಂಡಿಯಾ ಕಂಪನಿಯ ಕೆಂಪಂಗಿ ಸಿಪಾಯಿಗಳ ಹೆಣಗಳು ಎದ್ದು ಬರುತ್ತವೆ. ನೆಲ ಕಬಳಿಸುವ ಹಸಿವು ಕಂಪನಿಯೊಂದಿಗೆ ಸತ್ತಿಲ್ಲ ಎಂಬ ಸೂಚನೆ ಅಲ್ಲಿದೆ.

ಇವೆಲ್ಲಕ್ಕಿಂತ ಆಳವಾಗಿ ತಟ್ಟಿದ್ದು 2016ರ ದಕ್ಷಿಣ ಕೊರಿಯಾದ ಚಿತ್ರ ‘ಟ್ರೈನ್ ಟು ಬೂಸಾನ್’. ಯೆಯೊನ್ ಸಾಂಗ್‌ಹೊ ನಿರ್ದೇಶಿಸಿದ ಇದನ್ನು ಆ ದೇಶದಲ್ಲೇ 1 ಕೋಟಿ 10 ಲಕ್ಷಕ್ಕೂ ಹೆಚ್ಚು ಜನ ನೋಡಿದರು. ಸೋಲ್‌ನಿಂದ ಬೂಸಾನ್‌ಗೆ ಹೊರಟ ವೇಗದ ರೈಲಿನಲ್ಲಿ ಒಬ್ಬಳು ಕಚ್ಚಿಸಿಕೊಂಡು ಹತ್ತುತ್ತಾಳೆ. ಇಲ್ಲಿ ಹೆಣಗಳು ಓಡುತ್ತವೆ. ಆದರೂ ಚಿತ್ರ ತನ್ನ ಕಣ್ಣನ್ನು ಒಳಗಿನವರ ಮೇಲೆಯೇ ಇಟ್ಟಿದೆ. ಪ್ರತಿ ಡಬ್ಬಿಯ ನಡುವೆ ಬಾಗಿಲುಗಳಿವೆಯಲ್ಲ. ಹೆಣಗಳ ನಡುವೆ ನುಸುಳಿ, ಸಿಕ್ಕಿಬಿದ್ದಿದ್ದ ತಮ್ಮವರನ್ನು ಬಿಡಿಸಿಕೊಂಡು ಬಂದ ಕೆಲವರು ಸುರಕ್ಷಿತ ಡಬ್ಬಿಯ ಬಾಗಿಲು ಬಡಿಯುತ್ತಾರೆ. ಕಂಪನಿಯೊಂದರ ಹಿರಿಯ ಅಧಿಕಾರಿ ಒಳಗಿನವರಲ್ಲಿ ಭಯ ಹುಟ್ಟಿಸಿ ಬಾಗಿಲನ್ನು ಕಟ್ಟಿಹಾಕಿಸುತ್ತಾನೆ. ಬಾಗಿಲು ತೆರೆಯುವಷ್ಟರಲ್ಲಿ ಜೀವಗಳು ಹೋಗಿರುತ್ತವೆ. ಬಂದವರಿಗೆ ಸೋಂಕಿರಬಹುದೆಂದು ಅವರನ್ನು ಬೇರೆ ಕಡೆ ಅಟ್ಟುತ್ತಾರೆ. ಅಕ್ಕನನ್ನು ಹೀಗೆ ಕಳೆದುಕೊಂಡ ಮುದುಕಿಯೊಬ್ಬಳು ಒಳಗಿನ ಆ ಸಭ್ಯರನ್ನು ಒಮ್ಮೆ ನೋಡುತ್ತಾಳೆ. ಆಮೇಲೆ ತಾನೇ ಎದ್ದು ಹೆಣಗಳಿಗೆ ಬಾಗಿಲು ತೆರೆಯುತ್ತಾಳೆ.

ಕೊರಿಯನ್ನರಿಗೆ ಈ ಚಿತ್ರ ಬರೀ ಕಟ್ಟುಕಥೆಯಾಗಿರಲಿಲ್ಲ. 2014ರ ಏಪ್ರಿಲ್ 16ರಂದು ಸೆವೋಲ್ ಎಂಬ ಹಡಗು ಮುಳುಗಿ 304 ಜನ ಸತ್ತಿದ್ದರು. ಅವರಲ್ಲಿ ಬಹುಪಾಲು ಪ್ರವಾಸ ಹೊರಟ ಶಾಲಾ ಮಕ್ಕಳು. ಇದ್ದಲ್ಲೇ ಇರಿ ಎಂಬ ಪ್ರಕಟಣೆ ನಂಬಿ ಮಕ್ಕಳು ಕುಳಿತಿದ್ದಾಗ ನಾಯಕ ಹಡಗು ಬಿಟ್ಟು ಪಾರಾಗಿದ್ದ. ಪರಿಸ್ಥಿತಿ ಹತೋಟಿಯಲ್ಲಿದೆ, ಗಾಳಿಮಾತು ನಂಬಬೇಡಿ ಎಂದು ಚಿತ್ರದ ಟಿ.ವಿ.ಯಲ್ಲಿ ಸರ್ಕಾರದ ವಕ್ತಾರರು ಭರವಸೆ ಕೊಡುವಾಗ ಪ್ರೇಕ್ಷಕರಿಗೆ ಕೇಳಿಸಿದ್ದು ಎರಡು ವರ್ಷ ಹಿಂದಿನ ಆ ದನಿ.

ಚಿತ್ರದ ಕೊನೆಯಲ್ಲಿ ಬದುಕಿ ಉಳಿಯುವವರು ಇಬ್ಬರೇ, ಒಬ್ಬ ಬಸುರಿ ಮತ್ತು ಒಬ್ಬ ಪುಟ್ಟ ಹುಡುಗಿ. ಕೈ ಕೈ ಹಿಡಿದು ಅವರು ಬೂಸಾನ್ ಹೊರಗಿನ ಕತ್ತಲೆಯ ಸುರಂಗದಲ್ಲಿ ನಡೆದು ಬರುತ್ತಾರೆ. ಆ ತುದಿಯಲ್ಲಿ ಸೈನಿಕರು ಬಂದೂಕು ಗುರಿಯಿಟ್ಟಿದ್ದಾರೆ. ಬರುತ್ತಿರುವವರು ಮನುಷ್ಯರೋ ಹೆಣಗಳೋ ತಿಳಿಯುತ್ತಿಲ್ಲ. ಕೊಲ್ಲಿ ಎಂಬ ಆದೇಶವೂ ಬರುತ್ತದೆ. ಅಷ್ಟರಲ್ಲಿ ಹುಡುಗಿ ಅಳುತ್ತಾ ಹಾಡತೊಡಗುತ್ತಾಳೆ. ತಂದೆ ಬಾರದ ಕಾರಣ ಶಾಲೆಯ ಸಮಾರಂಭದಲ್ಲಿ ಅರ್ಧಕ್ಕೇ ನಿಲ್ಲಿಸಿದ್ದ ಹಾಡು ಅದು. ಸುರಂಗದಲ್ಲಿ ದನಿ ಕೇಳಿದ ಸೈನಿಕ ಬಂದೂಕು ಇಳಿಸುತ್ತಾನೆ.

1968ರ ತೋಟದ ಮನೆಯ ಕಿಟಕಿಯಲ್ಲಿ ಬೆನ್‌ಗೆ ಇಷ್ಟು ಸಮಯ ಸಿಗಲಿಲ್ಲ. ಅವನು ಮಾತನಾಡಬಲ್ಲವನೇ, ಹೆಸರುಳ್ಳವನೇ ಎಂದು ತಿಳಿಯಲು ಹೊರಗಿನವರು ಕಾಯಲಿಲ್ಲ. ಸಕ್ಕರೆ ಗಿರಣಿಯಲ್ಲಿ ಗಾಣಕ್ಕೆ ಬಿದ್ದವನತ್ತ ಯಾರೂ ತಿರುಗಿ ನೋಡಲಿಲ್ಲ. ಬೂಸಾನ್‌ನ ಸುರಂಗದಲ್ಲಿ ಸೈನಿಕನೊಬ್ಬ ಆದೇಶದ ನಡುವೆಯೂ ಕಿವಿಗೊಟ್ಟ. ಅಷ್ಟರಿಂದಲೇ ಎರಡು ಜೀವ ಉಳಿದವು.